ಬೀಗರ ಪಾಯಿಂಟು, ನಮ್ಮ ಪಾಯಿಂಟು, ಮಲೇಷಿಯಾದ ಒಂದು ಕೋಣೆ

ಮಲೇಷಿಯಾಕ್ಕೆ ಹೋಗಿ ಬಂದ ಮೇಲೆ ನಮ್ಮ ಶಾಲೆಯ ಸ್ಟಾಫ್‌ರೂಮಿನಲ್ಲಿ "ಏನೇನು ನೋಡಿದ್ರಿ ಟೀಚರ್?" ಎಂದು ಕೇಳಿದವರಿಗೆಲ್ಲ ಜೋಡಿ ಗೋಪುರ, ಸಮುದ್ರ, ಚಹಾ ತೋಟ ಎಂದು ಮೂರು ಬೆರಳು ಮಡಚಿ ಹೇಳಿದ್ದೇನೆ. ಆದರೆ ಆ ಎಂಟು ದಿನ ನಾನು ಹೆಚ್ಚಾಗಿ ನೋಡಿದ್ದು ನಮ್ಮ ಬೀಗರನ್ನು. ಮಗಳನ್ನು ಕೊಟ್ಟ ಮನೆಯವರೊಡನೆ, ಅದೂ ನಾಲ್ಕು ತಿಂಗಳಿಂದ ಮಾತು ಬಿಟ್ಟವರೊಡನೆ, ಪರದೇಶದಲ್ಲಿ ಒಂದೇ ಬಾಗಿಲೊಳಗೆ ಇದ್ದು ಬಂದವಳು ನಾನು. ಸ್ಟಾಫ್‌ರೂಮಿನ ಚಹಾ ಆರುವುದರೊಳಗೆ ಹೇಳಿ ಮುಗಿಸುವ ಕಥೆ ಅದಲ್ಲ.

ಹೊಸಪೇಟೆ

ನಾನು ಕೊಟ್ಟೂರಿನ ಪ್ರೌಢಶಾಲೆಯಲ್ಲಿ ಕನ್ನಡ ಕಲಿಸುತ್ತೇನೆ. ಯಜಮಾನರು ಕೊಟ್ರೇಶಪ್ಪನವರದು ಸುಟ್ಟ ಪಂಪ್‌ಸೆಟ್ ಮೋಟಾರಿಗೆ ಹೊಸ ತಂತಿ ಸುತ್ತಿಕೊಡುವ ಅಂಗಡಿ. ಒಬ್ಬಳೇ ಮಗಳು ಶಶಿಕಲಾಳನ್ನು ಹರಪನಹಳ್ಳಿಗೆ ಕೊಟ್ಟಿದ್ದೇವೆ. ಅಳಿಯ ಪ್ರಕಾಶ ಅಲ್ಲೇ ಹತ್ತಿರದ ಅರಸೀಕೆರೆಯ ಪಶು ಆಸ್ಪತ್ರೆಯಲ್ಲಿ ನೌಕರಿಗಿದ್ದಾನೆ. ಅವನ ತಂದೆ ಚನ್ನಬಸಪ್ಪನವರದು ಹರಪನಹಳ್ಳಿಯಲ್ಲಿ ಪಾತ್ರೆ ಅಂಗಡಿ. ಬೀಗತಿಯ ಹೆಸರು ಗಿರಿಜಮ್ಮ.

ಮದುವೆಯಾಗಿ ಆರು ತಿಂಗಳಿಗೆ ನಮ್ಮ ಮನೆಗೆ ಒಂದು ಫೋನ್ ಬಂತು. ನಿಮ್ಮ ನಂಬರಿಗೆ ಬಹುಮಾನ ಬಂದಿದೆ, ಗಂಡ ಹೆಂಡತಿ ಇಬ್ಬರೂ ಹೊಸಪೇಟೆಯ ಹೋಟೆಲಿಗೆ ಬಂದು ಕುಕ್ಕರ್ ತೆಗೆದುಕೊಂಡು ಹೋಗಿ ಎಂದಳು ಒಬ್ಬ ಹುಡುಗಿ. ಯಾರಿಗೂ ಹೇಳದೆ ಹೋದೆವು. ಎ.ಸಿ. ಹಾಕಿದ ಹಾಲಿನಲ್ಲಿ ಕಾಲಿಟ್ಟರೆ ಎರಡನೆಯ ಮೇಜಿನಲ್ಲಿ ನಮ್ಮ ಬೀಗರು ಕೂತಿದ್ದಾರೆ!

"ಓಹೋ, ಬೀಗ್ರು ಏನು ಈ ಕಡಿ?" ಎಂದರು ನಮ್ಮವರು.

"ಏನಿಲ್ರಿ, ಇಲ್ಲೇ ಸ್ವಲ್ಪ ಕೆಲ್ಸ ಇತ್ತು" ಎಂದರು ಚನ್ನಬಸಪ್ಪನವರು. ಪಾತ್ರೆ ಅಂಗಡಿಯ ಮಾಲೀಕರು ಪುಕ್ಕಟೆ ಕುಕ್ಕರಿಗಾಗಿ ಎರಡು ತಾಸು ಬಸ್ಸಿನಲ್ಲಿ ಬಂದಿದ್ದರು. ಗಿರಿಜಮ್ಮ ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡು ನಕ್ಕದ್ದು ನನಗೆ ಕಂಡಿತು.

ಟೈ ಕಟ್ಟಿದ ಹುಡುಗರು ಎರಡು ತಾಸು ವಿವರಿಸಿದರು. ಒಮ್ಮೆ ಸದಸ್ಯರಾದರೆ ಪ್ರತಿ ವರ್ಷ ಇಷ್ಟು ಪಾಯಿಂಟು ನಿಮ್ಮ ಹೆಸರಿಗೆ ಬೀಳುತ್ತದೆ. ಅದನ್ನು ಕೊಟ್ಟು ಊಟಿಯ ರೆಸಾರ್ಟಿನಲ್ಲಾದರೂ ಇರಿ, ಸಿಂಗಪುರದಲ್ಲಾದರೂ ಇರಿ. ದೊಡ್ಡ ಮನೆ ಬೇಕಾದರೆ ಪಾಯಿಂಟು ಹೆಚ್ಚು, ಸಣ್ಣ ಕೋಣೆಯಾದರೆ ಕಡಿಮೆ. ಎರಡು ವರ್ಷದೊಳಗೆ ಬಳಸದಿದ್ದರೆ ಹೋಯಿತು. ಬೀಗರು ಇಲ್ಲದಿದ್ದರೆ ನಮ್ಮವರು ಕುಕ್ಕರ್ ಎತ್ತಿಕೊಂಡು ಎದ್ದುಬಿಡುತ್ತಿದ್ದರು. ನಾವು ಇಲ್ಲದಿದ್ದರೆ ಅವರೂ ಎದ್ದುಬಿಡುತ್ತಿದ್ದರು. ಇಬ್ಬರೂ ಒಬ್ಬರನ್ನೊಬ್ಬರು ಓರೆಗಣ್ಣಿನಿಂದ ನೋಡುತ್ತ ಕೂತರು. ಮೊದಲು ಸಹಿ ಹಾಕಿದ್ದು ಚನ್ನಬಸಪ್ಪನವರು. ಅವರ ಪೆನ್ನು ಮೇಲೆದ್ದದ್ದೇ ನಮ್ಮವರ ಪೆನ್ನು ಕೆಳಗಿಳಿಯಿತು.

ಕೊಟ್ಟೂರು

ಮುಂದಿನದು ಪ್ರವಾಸವಲ್ಲ, ಜಗಳ. ಅದನ್ನು ಹೇಳದೆ ಮುಂದೆ ಹೋಗಲಾರೆ.

ಶಶಿ ಹೆರಿಗೆಗೆ ನಮ್ಮ ಮನೆಗೆ ಬಂದಳು. ಹೆಣ್ಣು ಕೂಸು ಹುಟ್ಟಿತು. ಬೀಗರು ಆಸ್ಪತ್ರೆಗೆ ಬಂದು ಕೂಸು ನೋಡಿ, ಊರಿಗೆಲ್ಲ ಪೇಢೆ ಹಂಚಿದರು. ಮೂರನೆಯ ತಿಂಗಳಿಗೆ ತೊಟ್ಟಿಲ ಕಾರ್ಯ ಇಟ್ಟುಕೊಂಡೆವು. ನಮ್ಮ ಕಡೆ ಇಂಥ ಕಾರ್ಯಕ್ಕೆ ಬೀಗರನ್ನು ಗಂಡ ಹೆಂಡತಿ ಇಬ್ಬರೂ ಮನೆಗೆ ಹೋಗಿ, ಕುಂಕುಮ ಹಚ್ಚಿ, ಎಲೆ ಅಡಿಕೆ ಕೊಟ್ಟು ಕರೆಯಬೇಕು. ನಮ್ಮವರು ಕಾರ್ಡನ್ನು ಹರಪನಹಳ್ಳಿ ಬಸ್ಸಿನ ಕಂಡಕ್ಟರ ಕೈಯಲ್ಲಿ ಕಳಿಸಿಬಿಟ್ಟರು.

ಕಾರಣ ಇತ್ತು. ಹಿಂದಿನ ವಾರ ಅಂಗಡಿಯಲ್ಲಿ ಒಬ್ಬರೇ ಮೋಟಾರು ಎತ್ತಲು ಹೋಗಿ ಸೊಂಟ ಹಿಡಿದುಕೊಂಡು ಹಾಸಿಗೆಗೆ ಬಿದ್ದಿದ್ದರು. ಮಗ್ಗುಲು ಬದಲಿಸಲು ನಾನೂ ಶಶಿಯೂ ಬೇಕಾಗಿತ್ತು. "ಬೀಗರಿಗೆ ಖರೇ ಹೇಳಿಬಿಡೋಣ್ರಿ" ಎಂದರೆ ಕೇಳಲಿಲ್ಲ.

"ಮದುವ್ಯಾಗ ಅವರ ಮುಂದ ಅಕ್ಕಿ ಚೀಲ ಒಬ್ಬನ ಹೊತ್ತೀನಿ. ಈಗ ಸೊಂಟ ಬಿದ್ದೈತಿ ಅಂತ ಹೇಳಿ ನಗಿಗೀಡಾಗ್ಲ್ಯಾ? ನೀನಾಗ್ಲಿ ಶಶಿಯಾಗ್ಲಿ ಬಾಯಿಬಿಟ್ರ ನೋಡ್ರಿ ಮತ್ತ" ಎಂದು ಆಣೆ ಹಾಕಿಸಿದರು.

ಬೀಗರು ತೊಟ್ಟಿಲಿಗೆ ಬರಲಿಲ್ಲ. ನಮ್ಮವರು ಹೇಗೋ ಗೋಡೆಗೆ ಒರಗಿ ಕೂತು, "ಬರದಿದ್ರ ಬ್ಯಾಡ" ಎಂದರು. ಐದು ತಿಂಗಳಿಗೆ ಅವರು ಬಂದು ಸೊಸೆಯನ್ನೂ ಕೂಸನ್ನೂ ಕರೆದೊಯ್ಯಬೇಕಿತ್ತು. ಬರಲಿಲ್ಲ. ಅವರು ಕರೆಯದೆ ನಾವು ಕಳಿಸುವುದು ಹೇಗೆ? ಕೂಸಿಗೆ ಏಳು ತಿಂಗಳಾಯಿತು. ಪ್ರಕಾಶ ಶನಿವಾರ ಶನಿವಾರ ಬಸ್ಸಿನಲ್ಲಿ ಬಂದು, ಕೂಸನ್ನು ತೊಡೆಯ ಮೇಲೆ ಆಡಿಸಿ, ಭಾನುವಾರ ತಿರುಗಿ ಹೋಗುತ್ತಿದ್ದ. ಅವನನ್ನು ಬಸ್ಸು ಹತ್ತಿಸಿ ಬಂದ ಮೇಲೆ ಶಶಿ ಯಾರೊಡನೆಯೂ ಮಾತಾಡದೆ ಕೂಸಿನ ಬಟ್ಟೆ ಒಗೆಯುತ್ತಿದ್ದಳು. ಒಗೆದದ್ದನ್ನೇ ಮತ್ತೆ ಒಗೆಯುತ್ತಿದ್ದಳು.

ಅಂಥ ಒಂದು ದಿನ ಅವಳು ಬಸ್‌ಸ್ಟ್ಯಾಂಡ್ ಹತ್ತಿರದ ಇಂಟರ್‌ನೆಟ್ ಅಂಗಡಿಗೆ ಹೋಗಿ ಬಂದು ಹೇಳಿದಳು: "ಅಪ್ಪಾಜಿ, ಈ ತಿಂಗಳು ಹೋದ್ರ ನಿಮ್ಮ ಪಾಯಿಂಟೆಲ್ಲಾ ಮುಳುಗ್ತಾವ. ನಿಮ್ಮವಷ್ಟರಾಗ ಎಲ್ಲೂ ನಾಲ್ಕು ದಿನಾನೂ ಸಿಗಾಂಗಿಲ್ಲ. ನಮ್ಮ ಮಾವಾರವೂ ಮುಳುಗ್ತಾವ. ಎರಡೂ ಕೂಡಿಸಿದ್ರ ಮಲೇಷಿಯಾದಾಗ ಎರಡು ರೆಸಾರ್ಟು, ಎಂಟು ದಿನ."

"ಮುಳುಗಿದ್ರ ಮುಳುಗ್ಲಿ" ಎಂದ ನಮ್ಮವರು ಅವತ್ತು ಊಟ ಮಾಡುವಾಗ ಮೂರು ಸಲ ಕೇಳಿದರು: "ಒಂದೂ ಉಳ್ಯಾಂಗಿಲ್ಲೇನು?"

ಹರಪನಹಳ್ಳಿಯಲ್ಲಿ ಚನ್ನಬಸಪ್ಪನವರೂ ಹಾಗೇ ಕೇಳಿದರಂತೆ. ಪಾಯಿಂಟು ಕೂಡಿಸುವ ಫಾರ್ಮಿಗೆ ಇಬ್ಬರ ಸಹಿಯೂ ಬೇಕು. ಅವರು ಮೊದಲು ಹಾಕಲಿ ಎಂದು ಇವರು, ಇವರು ಹಾಕಲಿ ಎಂದು ಅವರು. ಫಾರ್ಮು ಪ್ರಕಾಶನ ಚೀಲದಲ್ಲಿ ಎರಡು ಶನಿವಾರ ಓಡಾಡಿತು. ಕೊನೆಗೆ ಶಶಿ ಎರಡು ಮನೆಗೆ ಎರಡು ಪ್ರತಿ ಮಾಡಿಸಿ, ಅಲ್ಲಿಗೆ ಪ್ರಕಾಶನ ಕೈಲಿ ಹೇಳಿಸಿ, ಇಬ್ಬರಿಗೂ "ಅವರು ಹಾಕ್ಯಾರಂತ" ಎಂದು ಸಹಿ ಹಾಕಿಸಿದಳು.

ಶಶಿಗೆ ಜೊತೆಯಾಗಿರಲು ತಂಬ್ರಹಳ್ಳಿಯಿಂದ ನನ್ನ ತಂಗಿಯನ್ನು ಕರೆಸಿಟ್ಟು ನಾವು ಹೊರಟೆವು.

ಪೋರ್ಟ್ ಡಿಕ್ಸನ್

ಬೆಂಗಳೂರಿನ ವಿಮಾನದಲ್ಲಿ ನಾಲ್ವರಿಗೂ ಒಂದೇ ಸಾಲಿನಲ್ಲಿ ಸೀಟು. ಗಂಡಸರಿಬ್ಬರು ಎರಡು ತುದಿಗೆ ಕೂತರು. ನಡುವೆ ನಾನೂ ಗಿರಿಜಮ್ಮನೂ. ನಾಲ್ಕು ತಾಸಿನಲ್ಲಿ ನಮ್ಮಿಬ್ಬರ ನಡುವೆ ನಡೆದ ಮಾತು ಇಷ್ಟು: "ಸೀಟಿನ ಪಟ್ಟಿ ಹಾಕ್ಕೊಂಡ್ರ್ಯಾ?" ಎಂದೆ ನಾನು. "ಹೂಂನ್ರಿ" ಎಂದರು ಅವರು.

ಕೌಲಾಲಂಪುರದಿಂದ ಪೋರ್ಟ್ ಡಿಕ್ಸನ್ ಎಂಬ ಸಮುದ್ರದ ಊರಿಗೆ ವ್ಯಾನಿನಲ್ಲಿ ಕರೆದೊಯ್ದವನು ಸೆಲ್ವಂ ಎಂಬ ತಮಿಳು ಡ್ರೈವರ್. ಅವನ ಅಜ್ಜನ ಕಾಲದಿಂದ ಅಲ್ಲೇ ಇದ್ದಾರಂತೆ. ಆ ದಾರಿಯಲ್ಲಿ ಧೂಳೇ ಇಲ್ಲ. ಇಕ್ಕೆಲದಲ್ಲೂ ಒಂದೇ ಜಾತಿಯ ಎಣ್ಣೆ ತಾಳೆ ಮರ, ಮೈಲಿಗಟ್ಟಲೆ. ಕೂಡ್ಲಿಗಿ ಕಡೆಯ ಕುರುಚಲು ಗುಡ್ಡ ನೋಡಿದ ಕಣ್ಣಿಗೆ ಅಷ್ಟು ಹಸಿರು ಒಂದು ತಾಸಿಗೇ ಸಾಕೆನಿಸಿತು.

ರೆಸಾರ್ಟಿನ ಕೌಂಟರಿನಲ್ಲಿ ತಲೆಗೆ ಬಣ್ಣದ ವಸ್ತ್ರ ಸುತ್ತಿದ ಮಲಯ ಹುಡುಗಿ ಇದ್ದಳು. ಪಕ್ಕದಲ್ಲೊಬ್ಬ ಚೀನೀ ಹುಡುಗ. ಕೋಣೆ ಸಿಗಲು ಇನ್ನೂ ಎರಡು ತಾಸು ಇತ್ತು. ಚನ್ನಬಸಪ್ಪನವರು ತಮಗೆ ಬರುವ ಇಂಗ್ಲಿಷಿನಲ್ಲಿ ಈಗಲೇ ಕೊಡಿ ಎಂದು ಗಟ್ಟಿಸಿ ಕೇಳಿದರು.

"ಕೆನಾಟ್ ಲಾ" ಎಂದ ಹುಡುಗ, ನಗುತ್ತ.

ಚನ್ನಬಸಪ್ಪನವರ ಮುಖ ಕೆಂಪಾಯಿತು. "ಏನಂದ್ನಿವ? ನನಿಗೆ ಲಾ ಅಂದ್ನಾ? ನನ್ನ ಮಗನಿಗಿಂತ ಸಣ್ಣೋನು!"

"ವೇಟ್ ಲಾ ಅಂಕಲ್. ನೋ ಪ್ರಾಬ್ಲಮ್ ಲಾ."

"ನೋಡ್ರಿ, ಮತ್ತೆ ಅಂದ! ಎರಡು ಸಲ ಅಂದ!"

ನಮ್ಮ ಕಡೆ ಲೇ ಎಂದರೂ ಲಾ ಎಂದರೂ ಅನ್ನುವವರಿಗೂ ಅನ್ನಿಸಿಕೊಳ್ಳುವವರಿಗೂ ಸಲಿಗೆ ಇರಬೇಕು. ಆ ದೇಶದವರು ಮಾತಿನ ತುದಿಗೆಲ್ಲ ಲಾ ಹಚ್ಚುತ್ತಾರೆ, ದೊಡ್ಡವರಿಗೂ ಸಣ್ಣವರಿಗೂ. ಸೆಲ್ವಂ ಓಡಿಬಂದು ವಿವರಿಸದಿದ್ದರೆ ನಮ್ಮ ಪ್ರವಾಸ ಆ ಕೌಂಟರಿನಲ್ಲೇ ಮುಗಿಯುತ್ತಿತ್ತು.

ಮಲಯ ಹುಡುಗಿ ಫಾರ್ಮು ತುಂಬುತ್ತ, ನೀವು ನಾಲ್ವರೂ ಏನಾಗಬೇಕು, ಅಣ್ಣ ತಮ್ಮಂದಿರೋ ಸ್ನೇಹಿತರೋ ಎಂದು ಕೇಳಿದಳು. ಬೀಗರು ಎಂಬುದಕ್ಕೆ ಇಂಗ್ಲಿಷಿನಲ್ಲಿ ಏನೆನ್ನಬೇಕೋ ನನಗೆ ತೋಚಲಿಲ್ಲ. ನಮ್ಮ ಮಗಳು, ಅವರ ಮಗ, ಗಂಡ ಹೆಂಡತಿ ಎಂದು ಬೆರಳು ತೋರಿಸಿ ಹೇಳಿದೆ.

"ಓ, ಬೇಸನ್!" ಎಂದು ಹುಡುಗಿ ಕಣ್ಣರಳಿಸಿದಳು.

ನಮ್ಮವರು ಗಾಬರಿಯಿಂದ ನನ್ನ ಕಿವಿಯಲ್ಲಿ, "ಚೀಲದಾಗ ಇರೋದು ಜ್ವಾಳದ ಹಿಟ್ಟು, ಬೇಸನ್ ಅಲ್ಲ ಅಂತ ಹೇಳು" ಎಂದರು. ಹಿಂದಿಯಲ್ಲಿ ಕಡಲೆಹಿಟ್ಟಿಗೆ ಬೇಸನ್ ಎನ್ನುವುದಷ್ಟೇ ಅವರಿಗೆ ಗೊತ್ತು. ಮಲಯ ಭಾಷೆಯಲ್ಲಿ ಬೇಸನ್ ಎಂದರೆ ಬೀಗರು ಎಂದು ಹುಡುಗಿ ತಿಳಿಸಿದಳು. ಇಂಗ್ಲಿಷಿನವರಿಗೆ ಇಲ್ಲದ ಮಾತು ಸಮುದ್ರದಾಚೆಯ ಇವರಿಗಿದೆಯಲ್ಲ ಎಂದು ಕನ್ನಡ ಟೀಚರಾದ ನನಗೆ ಬಹಳ ಸಂತೋಷವಾಯಿತು. ಹುಡುಗಿ ಬೀಗದ ಕೈ ಕೊಡುತ್ತ ನಮ್ಮನ್ನು ಒಬ್ಬೊಬ್ಬರನ್ನಾಗಿ ನೋಡಿ, "ನಾಲ್ಕು ಬೇಸನ್, ಒಂದೇ ಮನೆ, ನಾಲ್ಕು ದಿನ! ಗುಡ್ ಲಕ್ ಲಾ" ಎಂದಳು. ಬೀಗತನದ ಕಷ್ಟವೂ ಅವರಿಗೆ ಗೊತ್ತಿತ್ತೆಂದಾಯಿತು.

ಮನೆ ಚೆನ್ನಾಗಿತ್ತು. ಸಮುದ್ರ ಕಾಣುವ ದೊಡ್ಡ ಕೋಣೆ ಒಂದು, ಹಿಂದೆ ಸಣ್ಣ ಕೋಣೆ ಒಂದು, ಹಾಲು, ಅಡುಗೆಮನೆ. ದೊಡ್ಡ ಕೋಣೆಯ ಹಾಸಿಗೆಯ ಮೇಲೆ ಟವೆಲ್ಲು ಮಡಚಿ ಎರಡು ಹಂಸ ಮಾಡಿ ಕೊಕ್ಕಿಗೆ ಕೊಕ್ಕು ತಾಗಿಸಿ ಇಟ್ಟಿದ್ದರು. ಗಿರಿಜಮ್ಮ ಮೊದಲು ಹೋಗಿ ಅವನ್ನು ಬಿಡಿಸಿ ಸಾದಾ ಟವೆಲ್ಲು ಮಾಡಿಟ್ಟರು.

"ದೊಡ್ಡದು ನೀವು ತಗೊಳ್ರಿ" ಎಂದರು ನಮ್ಮವರು, ಗೋಡೆಯ ಕಡೆ ನೋಡುತ್ತ.

"ಬ್ಯಾಡ್ರಿ. ಹೆಣ್ಣು ಕೊಟ್ಟೋರು ನೀವು. ನೀವೇ ತಗೊಳ್ರಿ" ಎಂದರು ಅವರು, ಕಿಟಕಿಯ ಕಡೆ ನೋಡುತ್ತ.

"ಗಂಡಿನ ಕಡ್ಯಾರು ಇರೋವಾಗ ನಾವು ಹೆಂಗ ತಗೊಳ್ಳೋದು?"

ಉಪಚಾರದ ಮಾತು ಕ್ರಮೇಣ ಏರುದನಿಗೆ ಹೋಯಿತು. ಕಡೆಗೆ ಯಾರೂ ಸೋಲಲಿಲ್ಲ. ಸಣ್ಣ ಕೋಣೆಯಲ್ಲಿ ಹೆಂಗಸರು ಮಲಗಿದೆವು, ಹಾಲಿನ ಜಮಖಾನೆಯ ಮೇಲೆ ಗಂಡಸರು. ದೊಡ್ಡ ಕೋಣೆಯಲ್ಲಿ ಸಾಮಾನು ಇಟ್ಟೆವು. ನಾಲ್ಕು ದಿನವೂ ಸಮುದ್ರ ನೋಡುತ್ತ ಮಲಗಿದ್ದವು ನಮ್ಮ ಸೂಟ್‌ಕೇಸುಗಳು.

ಮರುದಿನ ಬೆಳಿಗ್ಗೆ ರೊಟ್ಟಿಯ ಪ್ರಶ್ನೆ ಬಂತು. ಹೊರಗೆ ಎಲ್ಲಿ ನೋಡಿದರೂ ಮೀನಿನ ವಾಸನೆ. ನಾವು ನಾಲ್ವರೂ ಶುದ್ಧ ಸಸ್ಯಾಹಾರಿಗಳು. ಗಿರಿಜಮ್ಮ ಜೋಳದ ಹಿಟ್ಟು, ಕಬ್ಬಿಣದ ಹಂಚು, ಗುರೆಳ್ಳು ಪುಡಿ ತಂದಿದ್ದರು. ನಾನೂ ಅವನ್ನೇ ತಂದಿದ್ದೆ. ಆದರೆ ಅಲ್ಲಿಯ ಒಲೆ ಕಪ್ಪು ಗಾಜಿನ ಹಲಗೆ. ಬೆಂಕಿಯೇ ಇಲ್ಲ. ಹಂಚಿಟ್ಟರೆ ಒಂದು ಕ್ಷಣ ಕೆಂಪಾಗುತ್ತದೆ, ಮತ್ತೆ ತಾನೇ ಆರುತ್ತದೆ. ಗಿರಿಜಮ್ಮ ಬಡಿದ ಮೊದಲ ರೊಟ್ಟಿ ಅರ್ಧ ತಾಸು ಹಂಚಿನ ಮೇಲೆ ಕೂತು ಚಪ್ಪಡಿಯಾಯಿತು. ಆ ಬಡಿತಕ್ಕೆ ಕೆಳಗಿನ ಮನೆಯವರು ಫೋನ್ ಮಾಡಿ, ಬಾಗಿಲಿಗೆ ಕಾವಲುಗಾರ ಬಂದ. ಒಳಗೆ ಯಾರು ಯಾರನ್ನು ಹೊಡೆಯುತ್ತಿದ್ದಾರೆ ಎಂದು ಇಣುಕಿ ನೋಡಿದ.

ಈಜುಕೊಳದ ಪಕ್ಕ ಮಾಂಸ ಸುಡಲು ಇದ್ದಿಲ ಒಲೆಗಳಿದ್ದವು. ಗಿರಿಜಮ್ಮ ಅವನ್ನು ಬಾಲ್ಕನಿಯಿಂದ ಬಹಳ ಹೊತ್ತು ನೋಡಿದರು. ಆಮೇಲೆ ಹಿಟ್ಟಿನ ಪಾತ್ರೆ ಎತ್ತಿಕೊಂಡು ಇಳಿದುಬಿಟ್ಟರು. ನಾನು ಹಂಚು ಹಿಡಿದು ಹಿಂದೆ ಹೋದೆ. ಇನ್ನೂ ಯಾರೂ ಬಳಸದ ಒಂದು ಒಲೆಯನ್ನು ಹುಡುಕಿ, ನಾಲ್ಕು ಸಲ ತೊಳೆದು ಇದ್ದಿಲು ಹೊತ್ತಿಸಿದೆವು. ಕಲ್ಲಿನ ಕಟ್ಟೆಯ ಮೇಲೆ ಅವರು ರೊಟ್ಟಿ ಬಡಿದರು, ನಾನು ಬೇಯಿಸಿದೆ. ಒಬ್ಬರೇ ಮಾಡಲಾಗದ ಕೆಲಸ ಅದು.

"ಬೆಂಕಿ ಜಾಸ್ತಿ ಆತು ನೋಡ್ರಿ, ಸೀಯ್ತೈತೆ" ಎಂದರು ಗಿರಿಜಮ್ಮ.

ನಾಲ್ಕು ತಿಂಗಳ ಮೇಲೆ ಅವರು ನನಗೆ ತಾವಾಗಿ ಆಡಿದ ಮೊದಲ ಮಾತು. ನಾನು ಇದ್ದಿಲು ಸರಿಸಿದೆ. ರೊಟ್ಟಿ ಪೂರಿಯಂತೆ ಉಬ್ಬಿತು. ಕೊಳದಲ್ಲಿದ್ದವರೆಲ್ಲ ಈಜುವುದು ಬಿಟ್ಟು ದಂಡೆ ಹಿಡಿದು ನೋಡತೊಡಗಿದರು. ಒದ್ದೆ ಚಡ್ಡಿಯಲ್ಲೇ ಎದ್ದು ಬಂದ ಆಸ್ಟ್ರೇಲಿಯಾದ ಮುದುಕ ಒಂದು ತುಂಡು ಕೇಳಿದ. ಗಿರಿಜಮ್ಮ ಅವನ ಮೈ ಕಡೆ ನೋಡದೆ, ಮುಖ ಪಕ್ಕಕ್ಕೆ ತಿರುಗಿಸಿ, ಒಂದಿಡೀ ರೊಟ್ಟಿಯ ಮೇಲೆ ಗುರೆಳ್ಳು ಪುಡಿ ಹಾಕಿ ಕೊಟ್ಟರು. ಖಾರಕ್ಕೆ ಅವನ ಕಣ್ಣಲ್ಲಿ ನೀರು ಬಂತು, ಮೂಗಲ್ಲಿ ನೀರು ಬಂತು. ಆದರೂ ಬಿಡದೆ ತಿಂದ. ಮರುದಿನ ನಾವು ಇಳಿಯುವ ಮುಂಚೆಯೇ ತಟ್ಟೆ ಹಿಡಿದು ನಿಂತಿದ್ದ. ಈ ಸಲ ಅಂಗಿ ಹಾಕಿಕೊಂಡಿದ್ದ.

"ಪಾಪ, ತಿಳಿವಳಿಕಸ್ತ" ಎಂದರು ಗಿರಿಜಮ್ಮ. ನನಗೆ ನಗು ತಡೆಯಲಾಗಲಿಲ್ಲ. ಅವರೂ ನಕ್ಕರು. ಗಂಡಸರು ಮಾತ್ರ ಮೇಲೆ ಒಬ್ಬರು ಬಾಲ್ಕನಿಯಲ್ಲಿ, ಒಬ್ಬರು ಹಾಲಿನಲ್ಲಿ, ರೊಟ್ಟಿಗಾಗಿ ಬೇರೆ ಬೇರೆ ಕಾಯುತ್ತಿದ್ದರು.

ಕ್ಯಾಮರನ್ ಬೆಟ್ಟ

ಐದನೆಯ ದಿನ ಸೆಲ್ವಂ ನಮ್ಮನ್ನು ಬೆಟ್ಟದ ಮೇಲಿನ ಇನ್ನೊಂದು ರೆಸಾರ್ಟಿಗೆ ಕರೆದೊಯ್ದ. ದಾರಿ ಸುತ್ತಿ ಸುತ್ತಿ ಏರುತ್ತದೆ. ಗಿರಿಜಮ್ಮ ಕಣ್ಣು ಮುಚ್ಚಿ ನನ್ನ ಕೈ ಹಿಡಿದವರು ಮೇಲೆ ತಲುಪುವ ತನಕ ಬಿಡಲಿಲ್ಲ. ಮಂಜು, ಚಳಿ, ಗುಡ್ಡದ ಮೈಗೆಲ್ಲ ಬಾಚಣಿಗೆ ಎಳೆದಂತೆ ಚಹಾ ಗಿಡ.

ಕೌಂಟರಿನಲ್ಲಿ ಒಂದೇ ಬೀಗದ ಕೈ ಕೊಟ್ಟರು. ಬಾಗಿಲು ತೆಗೆದರೆ ಒಂದೇ ಕೋಣೆ! ಒಂದು ಮಂಚ, ಒಂದು ಸೋಫಾ, ಒಂದು ಬಚ್ಚಲು. ಉಳಿದ ಪಾಯಿಂಟಿಗೆ ಬರುವುದು ಅಷ್ಟೇ ಎಂದು ಅಲ್ಲಿಯವರು ಹೇಳಿದರು. "ಎರಡನೇದು ಸ್ವಲ್ಪ ಸಣ್ಣದು ಐತವ್ವ" ಎಂದಷ್ಟೇ ಶಶಿ ನನಗೆ ಹೇಳಿದ್ದಳು.

ನಾಲ್ವರೂ ಚಪ್ಪಲಿ ಬಿಟ್ಟು ಬಾಗಿಲಲ್ಲೇ ನಿಂತೆವು. ಬೀಗರ ಎದುರು ಕಾಲು ಚಾಚಿ ಕೂರಲೂ ನಾಚುವ ನಮಗೆ ಒಂದೇ ಕೋಣೆಯಲ್ಲಿ ನಾಲ್ಕು ದಿನ! ಗಿರಿಜಮ್ಮ ಮಂಚಕ್ಕೂ ಸೋಫಾಕ್ಕೂ ನಡುವೆ ಒಂದು ಸೀರೆ ಕಟ್ಟಿದರು. ಒಳಗೆ ನಾವಿಬ್ಬರು, ಹೊರಗೆ ಅವರಿಬ್ಬರು. ಸೋಫಾದ ಹೊಟ್ಟೆಯೊಳಗಿಂದ ಇನ್ನೊಂದು ಹಾಸಿಗೆ ಹೊರಬರುತ್ತಿತ್ತು. ಅದರ ಸ್ಪ್ರಿಂಗು ಎಷ್ಟು ಹಳೆಯದೆಂದರೆ, ಇಬ್ಬರು ಮಲಗಿದ ಕೂಡಲೇ ಅದು ನಡುವೆ ಕುಸಿದು ಇಬ್ಬರನ್ನೂ ಒಂದೇ ಕಡೆ ಉರುಳಿಸುತ್ತಿತ್ತು. ಸೀರೆಯಾಚೆಯಿಂದ "ಸ್ವಲ್ಪ ಸರೀರಿ", "ಎಲ್ಲಿಗೆ ಸರಿಯನ್ರಿ?" ಎಂಬ ಮಾತು ಕೇಳಿ ನಾವಿಬ್ಬರೂ ದಿಂಬಿಗೆ ಬಾಯಿ ಒತ್ತಿಕೊಂಡು ನಕ್ಕೆವು.

ಬೆಳಿಗ್ಗೆ ನಮ್ಮವರು ಏಳಲಿಲ್ಲ.

"ನೀವು ಚಹಾ ತೋಟ ನೋಡಿ ಬರ್ರಿ. ನಾನು ಟೀವಿ ನೋಡ್ತೀನಿ" ಎಂದರು. ಟೀವಿಯಲ್ಲಿ ಚೀನೀ ಭಾಷೆಯ ಅಡುಗೆ ಬರುತ್ತಿತ್ತು. ಅವರ ಮುಖ ನೋಡಿದ ಕೂಡಲೇ ನನಗೆ ತಿಳಿಯಿತು, ಸೊಂಟ ಮತ್ತೆ ಹಿಡಿದಿದೆ. ಅವರು ಕಣ್ಣಿನಲ್ಲೇ ನನ್ನನ್ನು ಹೆದರಿಸಿದರು. ನಾನು ಸುಮ್ಮನೆ ಬೀಗರೊಡನೆ ಹೊರಟೆ. ಕೆಳಗೆ ಬರುವಷ್ಟರಲ್ಲಿ ಜೋರು ಮಳೆ. "ಕೊಡೆ ತರ್ತೀನಿ ಇರ್ರಿ" ಎಂದು ಚನ್ನಬಸಪ್ಪನವರು ಮೇಲೆ ಹೋದರು. ತಡೆಯೋಣವೆಂದು ನಾನು ಹಿಂದೆಯೇ ಓಡಿದೆ. ತಡವಾಗಿತ್ತು.

ಬಾಗಿಲು ತೆರೆದಿತ್ತು. ನಮ್ಮವರು ಬಚ್ಚಲಿನ ಕಡೆಗೆ ಕೂಸಿನ ಹಾಗೆ ಅಂಬೆಗಾಲಿಟ್ಟು ಹೋಗುತ್ತಿದ್ದರು. ಅರ್ಧ ದಾರಿಯಲ್ಲಿ ನಿಂತುಬಿಟ್ಟಿದ್ದರು. ಅವರ ಎದುರಿಗೆ ಚನ್ನಬಸಪ್ಪನವರ ಪಾದ.

"ಏನಾತ್ರಿ ಬೀಗ್ರೇ?"

"ಏನಿಲ್ಲ. ಉಂಗುರ ಬಿದ್ದಿತ್ತು, ಹುಡುಕ್ತಿದ್ದೆ."

"ಉಂಗ್ರ ಬೆರಳಾಗೇ ಐತಲ್ರಿ."

ನನಗೆ ಇನ್ನು ತಡೆಯಲಾಗಲಿಲ್ಲ. "ಸೊಂಟ ಹಿಡಕೊಂಡೈತ್ರಿ ಅಣ್ಣಾರೆ. ತೊಟ್ಟಿಲ ಕಾರ್ಯದ ಮುಂದೂ ಹಿಂಗ ಆಗಿತ್ತು. ಹದಿನೈದು ದಿನ ಹಾಸಿಗಿ ಬಿಟ್ಟು ಎದ್ದಿಲ್ಲ ಅವರು. ಅದಕ್ಕ ಕರಿಯಾಕ ಬರ್ಲಿಲ್ಲ. ನಿಮಗ ಹೇಳಬಾರದು ಅಂತ ನನಗೂ ಶಶಿಗೂ ಆಣಿ ಹಾಕಿದ್ರು."

ಚನ್ನಬಸಪ್ಪನವರು ನಮ್ಮವರ ಎದುರು ನೆಲದ ಮೇಲೆ ಕೂತುಬಿಟ್ಟರು.

"ಇಷ್ಟೇನಾ? ಇಷ್ಟಕ್ಕೇನಾ ಕೊಟ್ರೇಶಪ್ಪಾರೆ? ಸೊಂಟ ನೋವು ಅಂತ ಒಂದು ಮಾತು ಹೇಳಿದ್ರೆ ನಾನೇ ಬಂದು ನಿಮ್ಮ ಅಂಗಳ ಗುಡಿಸಿ ಚಪ್ರ ಹಾಕಿಸ್ತಿದ್ದೆ. ಆಸ್ಪತ್ರ್ಯಾಗೆ ನೋಡಿದ್ದೇ ಕಡೆ. ಏಳು ತಿಂಗ್ಳಾತು, ನನ್ನ ಮೊಮ್ಮಗಳು ಈಗ ಹೆಂಗದಾಳೆ ಅಂತ ಗೊತ್ತಿಲ್ಲ ನನಿಗೆ."

ನಮ್ಮವರು ನೆಲದ ಮೇಲೇ ಕೂತಿದ್ದರು, ತಲೆ ಎತ್ತಲಿಲ್ಲ. ಅಷ್ಟರಲ್ಲಿ ಮೇಲೆ ಬಂದಿದ್ದ ಗಿರಿಜಮ್ಮ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿದ್ದರು. ಅವರು ನನಗೆ ಹೇಳಿದರು: "ಆವತ್ತು ಬೆಳಿಗ್ಗೆ ನಾವು ಹೊಸ ಬಟ್ಟೆ ಉಟ್ಕೊಂಡು ಕೂತಿದ್ವಿ ಟೀಚರ್. ಕೂಸಿಗೆ ಬೆಳ್ಳಿ ಉಡದಾರ ಮಾಡ್ಸಿ, ಕಾರು ಹೇಳಿ, ಬಾಗ್ಲಾಗೆ ನಿಲ್ಸಿದ್ವಿ. ಒಂದು ಫೋನ್ ಆದ್ರೂ ಬರುತ್ತೆ ಅಂತ ಮಧ್ಯಾಹ್ನದ ತನಕ ಕಾದ್ವಿ. ಇವರು ಆಮೇಲೆ ಕಾರು ವಾಪಸ್ ಕಳ್ಸಿ, ಊಟ ಮಾಡದೇ ಅಂಗಡಿಗೆ ಹೋದ್ರು."

ಅದು ನಮಗೆ ಗೊತ್ತಿರಲಿಲ್ಲ. ನಾಲ್ಕು ತಿಂಗಳು ನಾನು ಅವರನ್ನು ಏನೇನೋ ಅಂದುಕೊಂಡಿದ್ದೆ. ಒಂದು ದಿನ ಶಾಲೆ ತಪ್ಪಿಸಿ ನಾನೊಬ್ಬಳೇ ಬಸ್ಸು ಹತ್ತಿ ಹೋಗಿ ಹೇಳಬಹುದಿತ್ತು. ಆಣೆಯ ನೆಪ ಹಿಡಿದು ಕೂತಿದ್ದೆ. ನನಗೆ ಅಳು ಬಂತು.

"ನಂದು ತಪ್ಪಾತ್ರಿ ಬೀಗ್ರೇ" ಎಂದರು ನಮ್ಮವರು. ಮೂವತ್ತು ವರ್ಷದ ಸಂಸಾರದಲ್ಲಿ ಆ ಮಾತು ಅವರ ಬಾಯಿಂದ ನಾನು ಕೇಳಿದ್ದು ಕಡಿಮೆ.

"ತಪ್ಪು ಆಮೇಲೆ. ಮೊದ್ಲು ಬೋರಲು ಮಲಗ್ರಿ" ಎಂದರು ಚನ್ನಬಸಪ್ಪನವರು, ತೋಳು ಮಡಚುತ್ತ. ಹುಡುಗರಾಗಿದ್ದಾಗ ಗರಡಿ ಮನೆಗೆ ಹೋಗುತ್ತಿದ್ದರಂತೆ. ಗಿರಿಜಮ್ಮ ಕೊಬ್ಬರಿ ಎಣ್ಣೆ ಬೆಚ್ಚಗೆ ಮಾಡಿ ಕೊಟ್ಟರು. ಚನ್ನಬಸಪ್ಪನವರು ನಮ್ಮವರ ಸೊಂಟದ ಮೇಲೆ ಮೊಣಕೈ ಊರಿ ಒಂದು ಸಲ ಒತ್ತಿದ್ದೇ ನಮ್ಮವರು "ಸತ್ನೆಪ್ಪೋ" ಎಂದು ಕೂಗಿದ ಕೂಗಿಗೆ ಕಾರಿಡಾರಿನಲ್ಲಿ ಬಾಗಿಲುಗಳು ತೆರೆದುಕೊಂಡವು. ರೆಸಾರ್ಟಿನ ಹುಡುಗನೊಬ್ಬ ಓಡಿಬಂದು "ಎವ್ರಿಥಿಂಗ್ ಓಕೆ ಲಾ?" ಎಂದ.

"ಓಕೆ ಲಾ! ನೀನು ಹೋಗ್ಲಾ!" ಎಂದರು ಚನ್ನಬಸಪ್ಪನವರು, ಬೆವರು ಒರೆಸಿಕೊಳ್ಳುತ್ತ. ಹುಡುಗ ಸಂತೋಷದಿಂದ ಹೋದ. ನೆಲಕ್ಕೆ ಗಲ್ಲ ಊರಿದ್ದ ನಮ್ಮವರು ನೋವಿನಲ್ಲೂ ಮೈ ಕುಲುಕಿ ನಗತೊಡಗಿದರು. "ನಗಬ್ಯಾಡ್ರಿ, ನರ ಹಿಡೀತೈತೆ" ಎಂದು ಗದರುತ್ತ ಚನ್ನಬಸಪ್ಪನವರೂ ನಕ್ಕರು.

ಫೋನು

ಅವತ್ತು ಸಂಜೆ ಕಾರ್ಡು ಹಾಕಿ ಮಾತಾಡುವ ಫೋನಿನ ಮುಂದೆ ಮೂವರು ನಿಂತೆವು. ಬಂದ ಮೇಲೆ ಅದು ಮೊದಲ ಫೋನು. ಪೋರ್ಟ್ ಡಿಕ್ಸನ್‌ನಲ್ಲಿದ್ದಾಗ ಯಾರು ಮೊದಲು ಮಾಡಬೇಕೆಂಬುದರಲ್ಲೇ ದಿನ ಕಳೆದಿದ್ದವು. ಊರಿಗೆ ಹೋದ ಕೂಡಲೇ ಒಳ್ಳೆಯ ದಿನ ನೋಡಿ ಸೊಸೆಯನ್ನು ಕರೆದೊಯ್ಯುತ್ತೇವೆಂದು ಗಿರಿಜಮ್ಮ ತಾವೇ ಶಶಿಗೆ ಹೇಳಬೇಕು ಎಂದು ಮಾತಾಗಿತ್ತು.

ಕೊಟ್ಟೂರಿನ ಮನೆಯ ಫೋನು ರಿಂಗಾಗುತ್ತಲೇ ಇತ್ತು. ಯಾರೂ ಎತ್ತಲಿಲ್ಲ. ಇನ್ನೊಮ್ಮೆ ಮಾಡಿದೆ. ಇಲ್ಲ. ಮತ್ತೊಮ್ಮೆ. ಕೂಸಿಗೇನಾದರೂ ಜ್ವರವೇ? ಆಸ್ಪತ್ರೆಗೆ ಹೋಗಿದ್ದಾರೆಯೇ? ತಂಗಿಯಾದರೂ ಮನೆಯಲ್ಲಿರಬೇಕಲ್ಲ?

"ತಡೀರಿ, ಪ್ರಕಾಶನಿಗೆ ಮಾಡಿ ಕೇಳಾಣ. ಅವನು ಹೋಗಿ ನೋಡ್ಕೊಂಡು ಬರ್ತಾನೆ" ಎಂದು ಗಿರಿಜಮ್ಮ ಹರಪನಹಳ್ಳಿಯ ತಮ್ಮ ಮನೆಯ ನಂಬರು ಒತ್ತಿದರು. ಎರಡನೆಯ ರಿಂಗಿಗೇ ಯಾರೋ ಎತ್ತಿದರು. ಗಿರಿಜಮ್ಮನ ಕಣ್ಣು ದೊಡ್ಡದಾಯಿತು. ಫೋನನ್ನು ನನ್ನ ಕಿವಿಗೆ ಇಟ್ಟರು.

"ಹಲೋ, ಯಾರ್ರಿ?" ಎಂದಳು ಶಶಿ.

"ಶಶೀ! ಅಲ್ಲೇನ್ ಮಾಡಾಕತ್ತಿಯೇ ನೀನು?"

"ನಮ್ಮನ್ಯಾಗ ಅದೀನವ್ವ" ಎಂದಳು ಮಗಳು, ಏನೂ ಆಗಿಲ್ಲವೆಂಬಂತೆ. "ನೀವು ವಿಮಾನ ಹತ್ತಿದ ಮರುದಿನಾನ ಬಂದ್ವಿ. ಚಿಕ್ಕವ್ವನ್ನ ತಂಬ್ರಹಳ್ಳಿ ಬಸ್ ಹತ್ತಿಸಿದೆ. ಇವರು ರಜಾ ಹಾಕಿ ಬಂದ್ರು. ತೊಟ್ಲನ್ನ ಬಸ್ಸಿನ ಮ್ಯಾಲೆ ಕಟ್ಟಿಸಿದ್ವಿ."

"ಯಾರ್ನ ಕೇಳಿ ಹೋದಿ?"

"ಯಾರ್ನ ಕೇಳ್ಬೇಕಿತ್ತವ್ವ? ಎರಡೂ ಮನ್ಯಾಗ ದೊಡ್ಡೋರು ಇದ್ದಿಲ್ಲ. ಯಾರು ಕರೀಬೇಕು, ಯಾರು ಕಳಿಸ್ಬೇಕು ಅಂತ ಅನ್ನೋರೇ ಇದ್ದಿಲ್ಲ. ಅದಕ್ಕ ಬಂದ್ವಿ." ಮೆಲ್ಲಗೆ ಸೇರಿಸಿದಳು: "ಬುಕ್ ಮಾಡೋವಾಗ್ಲೇ ಇಬ್ರೂ ಅಂದ್ಕೊಂಡಿದ್ವಿ. ಬೈಯಬ್ಯಾಡವ್ವ."

ಫೋನನ್ನು ಬೀಗರಿಗೆ ಕೊಟ್ಟೆ. ಚನ್ನಬಸಪ್ಪನವರು ಅದನ್ನು ಎರಡೂ ಕೈಯಲ್ಲಿ ಹಿಡಿದುಕೊಂಡರು. "ಕೂಸಿನ ಬಾಯಿಗೆ ಹಿಡಿಯವ್ವ" ಎಂದರು. ಆ ಕಡೆಯಿಂದ ಮೊದಲು ಬರೀ ಉಸಿರು ಕೇಳಿಸಿತಂತೆ. ಆಮೇಲೆ ಒಂದು ಕಿರುಚು ಕೇಳಿಸಿತು. ಅದು ನಮಗೂ ಕೇಳಿತು. "ಅವ್ವೀ, ನಮ್ಮವ್ವಾ" ಎಂದರು ಅವರು. ಕಾರ್ಡು ಮುಗಿದು ಫೋನು ಕಟ್ಟಾದ ಮೇಲೂ ಕಿವಿಗೆ ಹಿಡಿದೇ ನಿಂತಿದ್ದರು.

ಮೇಲೆ ಬಂದು ನಮ್ಮವರಿಗೆ ಹೇಳಿದಾಗ ಅವರು ಮಲಗಿದಲ್ಲಿಂದಲೇ, "ಶಾಸ್ತ್ರ ಇಲ್ಲ, ಸಂಪ್ರದಾಯ ಇಲ್ಲ" ಎಂದರು. ಆದರೆ ಅವರ ಮೀಸೆಯ ಕೆಳಗೆ ನಗು ಇತ್ತು. ಚನ್ನಬಸಪ್ಪನವರು ಆಗಲೇ ಸೂಟ್‌ಕೇಸು ತೆಗೆದು ಅಂಗಿ ತುಂಬತೊಡಗಿದ್ದರು. "ನಾಳೇನೇ ಹೊರಡಾಣ. ಟಿಕೀಟು ಬದ್ಲಿ ಮಾಡಿಸ್ತೀನಿ. ಉಳಿದ ದಿನದ ಪಾಯಿಂಟು ಹೋದ್ರೆ ಹೋಗ್ಲಿ."

ಗಿರಿಜಮ್ಮ ಅವರ ಕೈಯಿಂದ ಅಂಗಿ ತೆಗೆದು ಮತ್ತೆ ಗೂಟಕ್ಕೆ ಹಾಕಿದರು.

"ಈಗ ಹೋಗಿ ಮಾಡೋದು ಏನೈತೆ? ಹತ್ತು ತಿಂಗ್ಳ ಮೇಲೆ ಗಂಡ ಹೆಂಡ್ತಿ ಒಂದು ಮನ್ಯಾಗೆ ಅದಾರೆ. ಇನ್ನೆರಡು ದಿನ ಇಬ್ರೇ ಇರ್ಲಿ ಬಿಡ್ರಿ."

ನಾನು ಅವರ ಮುಖವನ್ನೇ ನೋಡಿದೆ. ಇಂಥ ಅತ್ತೆಯ ಮನೆಗೆ ಮಗಳನ್ನು ಕಳಿಸಲು ಇಷ್ಟು ದಿನ ಹಿಂದೆ ಮುಂದೆ ನೋಡಿದ್ದೆನಲ್ಲ ಎನಿಸಿತು.

ಮರುದಿನ ಮಳೆ ನಿಂತಿತ್ತು. ಚನ್ನಬಸಪ್ಪನವರು ಎಣ್ಣೆ ಬಟ್ಟಲು ಹಿಡಿದು ನಮ್ಮವರನ್ನು ಬೋರಲು ಮಲಗಿಸುತ್ತಿದ್ದರು. ಗಿರಿಜಮ್ಮ ಚಪ್ಪಲಿ ಮೆಟ್ಟಿಕೊಂಡು, "ಬರ್ರಿ ಅಕ್ಕ, ಚಹಾ ತೋಟ ನೋಡ್ಕೊಂಡು ಬರಾಣ" ಎಂದು ನನ್ನ ಕೈ ಹಿಡಿದರು.